ಉಪಗ್ರಹದ ಬೆನ್ನಿಗೆ ಬಂದ ಸೂರ್ಯ

ಲಕ್ಷ್ಮೇಶ್ವರದ ನಿಶಾತ ಅಪ್ಪನ ಜೊತೆ ಡಿಶ್ ಕೂಡಿಸುವ ಕೆಲಸಕ್ಕೆ ಇಳಿದು ಇನ್ನೂ ಎರಡು ತಿಂಗಳು. ಶಿಗ್ಲಿಯ ಶೇಖವ್ವನ ಮಾಳಿಗೆಯ ಮೇಲಿನ ಡಿಶ್ ಆಕೆ ಒಬ್ಬಳೇ ಕೂಡಿಸಿದ ಮೊದಲನೆಯದು. ಅದೇ ಈಗ ಕೈಕೊಟ್ಟಿತ್ತು. ಐದು ದಿನದಿಂದ ದಿನಾ ಹನ್ನೊಂದೂ ಮುಕ್ಕಾಲರ ಸುಮಾರಿಗೆ, ಧಾರಾವಾಹಿಯ ಸೊಸೆ ಅತ್ತೆಗೆ ಎದುರುತ್ತರ ಕೊಡಬೇಕು ಎನ್ನುವಷ್ಟರಲ್ಲಿ, ಚಿತ್ರ ಚೂರುಚೂರಾಗಿ ಮಾಯ. ಹತ್ತು ನಿಮಿಷ ಬಿಟ್ಟು ತಾನಾಗಿಯೇ ಹಾಜರ್.

ಶೇಖವ್ವ ಕಾರಣ ಹುಡುಕಿಯಾಗಿತ್ತು. ಮಾನೌಮಿ ಹಬ್ಬ ಹತ್ತಿರ ಬಂದು ಓಣಿಯವರೆಲ್ಲ ಹಾಸಿಗೆ ಹೊದಿಕೆ ಒಗೆಯುತ್ತಿದ್ದರು. ಪಕ್ಕದ ಮನೆಯ ಹನಮಂತವ್ವ ಹಸಿ ಕೌದಿಗಳನ್ನು ತನ್ನ ಮಾಳಿಗೆಯ ಹಗ್ಗಕ್ಕೆ ಹಾಕುವುದೂ ಅದೇ ಹೊತ್ತಿಗೆ.

"ಅಕಿ ಕೌದಿ ನನ್ನ ಟಿವಿ ನುಂಗಾಕತ್ತಾವ!"

"ಇಪ್ಪತ್ತ ವರ್ಷ ಆತು, ಕೌದಿ ಇಲ್ಲೇ ಒಣಗತಾವ. ಅಡ್ಡ ಬರೋ ಕಡೆ ಡಿಶ್ ಕೂಡ್ಸಿದಾಕಿನ್ನ ಕೇಳು," ಎಂದಳು ಹನಮಂತವ್ವ.

ಜಗಳ ಇಬ್ಬರದು, ಬೈಗುಳ ನಿಶಾತಳಿಗೆ. ಓಣಿಯ ಇನ್ನೂ ಏಳು ಮನೆಯವರು ಡಿಶ್ ಹಾಕಿಸಬೇಕೆಂದು ಇದನ್ನೇ ನೋಡುತ್ತ ಕೂತಿದ್ದರು.

"ಕೌದಿ ಅಲ್ರೀ ಅವ್ವಾರ," ಎಂದಳು ದೂರು ಕೇಳಿ ಬಂದಿದ್ದ ನಿಶಾತ. "ನಮ್ಮ ಉಪಗ್ರಹ ಮ್ಯಾಲೆ ಒಂದ ಕಡೆ ನಿಂತಿರತೈತಿ. ವರ್ಷಕ್ಕ ಎರಡ ಸಲ, ಐದಾರ ದಿನ, ಸೂರ್ಯಾ ಸರಿಯಾಗಿ ಅದರ ಬೆನ್ನ ಹಿಂದ ಬರ್ತಾನ. ಅವನ ಗದ್ದಲದಾಗ ಡಿಶ್ಶಿಗೆ ಅದರ ಮಾತ ಕೇಳೂದಿಲ್ಲ."

"ತಪ್ಪ ತಗದು ಸೂರ್ಯಾನ ಮ್ಯಾಲ ಹಾಕ್ತಿಯಲ್ಲ! ನಿಮ್ಮಪ್ಪನ್ನ ಕಳಸ ಹೋಗ," ಎಂದಳು ಶೇಖವ್ವ.

ನಿಶಾತಳ ಪಿತ್ತ ನೆತ್ತಿಗೇರಿತು. "ನಾಳೆ ಒಂದೂ ಕೌದಿ ಹಾಕಬ್ಯಾಡ್ರಿ. ಆದ್ರೂ ಇವತ್ತಿನಂಗ ಹನ್ನೊಂದು ನಲವತ್ಮೂರಕ್ಕ ಟಿವಿ ಹೋಗತೈತಿ. ಹೋಗಲಿಲ್ಲಂದ್ರ ಈ ಓಣಿಗೆ ಮತ್ತ ಕಾಲ ಇಡೂದಿಲ್ಲ!"

ಬಸ್ಸಿನಲ್ಲಿ ಕೂತ ಮೇಲೆ ಲೆಕ್ಕ ಹಾಕಿದಳು. ನಾಳೆಗೆ ಆರನೆಯ ದಿನ. ಸೂರ್ಯ ಇಂದೇ ದಾಟಿಹೋಗಿದ್ದರೆ? ಕೌದಿ ಇಲ್ಲದ ದಿನವೇ ಟಿವಿ ಸರಿಯಿದ್ದರೆ, ತಪ್ಪು ಕೌದಿಯದೇ ಎಂದು ತಾನೇ ನಿಂತು ತೋರಿಸಿಕೊಟ್ಟಂತೆ.

ಮರುದಿನ ಶೇಖವ್ವನ ಪಡಸಾಲೆ ತುಂಬಿತ್ತು. ಹನಮಂತವ್ವ ಹಸಿ ಕೌದಿಯ ಗಂಟಿನ ಸಮೇತ ಬಂದು ಕೂತಿದ್ದಳು. ನಲವತ್ಮೂರು ಆಯಿತು, ಚಿತ್ರ ಅಲುಗಲಿಲ್ಲ. ನಲವತ್ನಾಲ್ಕು. ಸೊಸೆಯ ಮೂಗುಬೊಟ್ಟು ಕೂಡ ನಿಚ್ಚಳವಾಗಿ ಕಾಣುತ್ತಿತ್ತು. ಯಾರೋ ಕಿಸಕ್ಕೆಂದರು. ಟಿವಿ ಕೆಡಲೆಂದು ದೇವರನ್ನು ಬೇಡಿಕೊಂಡ ಮೆಕ್ಯಾನಿಕ್ ತಾನೊಬ್ಬಳೇ ಇರಬೇಕು ಎಂದುಕೊಂಡು ನಿಶಾತ ಕಣ್ಣು ಮುಚ್ಚಿದಳು.

ನಲವತ್ತಾರಕ್ಕೆ ಸೊಸೆಯ ಮುಖ ನಡುಗಿತು, ಚೌಕ ಚೌಕವಾಗಿ ಒಡೆಯಿತು, ಪರದೆ ಕಪ್ಪಾಯಿತು.

"ಹೋತು!" ಎಂದು ಕುಣಿದುಬಿಟ್ಟಳು ನಿಶಾತ. ಪಡಸಾಲೆಗೆ ಪಡಸಾಲೆಯೇ ಚಪ್ಪಾಳೆ ತಟ್ಟಿತು. ಶೇಖವ್ವ ಕೂಡ ತನ್ನ ಟಿವಿ ಎನ್ನುವುದನ್ನೂ ಮರೆತು ತಟ್ಟಿದಳು.

"ಮತ್ತ ಯಾವಾಗ ಬರ್ತಾನ ಸೂರ್ಯಾ?" ಎಂದು ಕೇಳಿದಳು ಹನಮಂತವ್ವ.

"ಮಾರ್ಚದಾಗ್ರಿ."

"ಅಷ್ಟರಾಗ ನಮ್ಮ ಮನಿಗೂ ಒಂದ ಕೂಡ್ಸವಾ. ಕೆಟ್ರ ಇಬ್ಬರ ಮನ್ಯಾಗೂ ಕೂಡೇ ಕೆಡಲಿ."