ಬಾಯ್ಲರಿನ ಬಾಯಿಗೆ ಹಿಡಿಸುವಷ್ಟು ಮೈ

ಹೋದ ವರ್ಷ ಬಾಯ್ಲರ್ ತೊಳೆಯುವ ದಿನ, ಹೆರಿಗೆ ವಾರ್ಡಿನ ಸಿಸ್ಟರ್ ಆಗಷ್ಟೇ ಹುಟ್ಟಿದ ಕೂಸಿಗೆ ಬಟ್ಟೆ ಸುತ್ತುತ್ತಿದ್ದಾಗ ಆಸ್ಪತ್ರೆಯ ಲಾಂಡ್ರಿಯವನು ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತ.

"ಅಕ್ಕಾ, ಬೇಗ ಬನ್ನಿ. ಅಣ್ಣ ಬಾಯ್ಲರಲ್ಲಿ ಸಿಕ್ಕಿಹಾಕ್ಕೊಂಡಿದಾರೆ!"

ಅವಳು ಕೂಸನ್ನು ತಾಯಿಯ ಮಗ್ಗುಲಿಗಿಟ್ಟಳು. ಓಡಿಹೋಗಿ ನೋಡಿದರೆ ಬಾಯ್ಲರ್ ಆರಿ ತಣ್ಣಗಿತ್ತು. ಅದರ ಪಕ್ಕೆಯಲ್ಲಿದ್ದ ಮೊಟ್ಟೆಯಾಕಾರದ ಬಾಯಿಯಿಂದ, ಬಾಯ್ಲರ್ ನೋಡಿಕೊಳ್ಳುವ ಅವಳ ಗಂಡನ ಸೊಂಟದ ಕೆಳಗಿನ ಭಾಗವಷ್ಟೇ ಹೊರಗಿತ್ತು. ಕಾಲುಗಳು ಗಾಳಿಯಲ್ಲಿ ಸೈಕಲ್ ತುಳಿಯುತ್ತಿದ್ದವು. ಒಳಗಿನಿಂದ, ಡಬ್ಬದಲ್ಲಿ ಮಾತಾಡಿದಂಥ ದನಿಯಲ್ಲಿ, "ಯಾರೂ ನಗಬೇಡಿ" ಎಂದು ಕೇಳಿಸುತ್ತಿತ್ತು.

ಇಪ್ಪತ್ತು ವರ್ಷ ಇದೇ ಬಾಯಿಯೊಳಗೆ ಮೀನಿನ ಹಾಗೆ ನುಸುಳಿದ ಮನುಷ್ಯ. ವರ್ಷಕ್ಕೊಮ್ಮೆ ಒಳಗೆ ಹೋಗಿ ಕಟ್ಟಿಕೊಂಡ ಸುಣ್ಣದ ಪದರ ಕೆರೆದು, ಹಿಂಭಾಗದ ತುಕ್ಕು ಹಿಡಿದ ನಟ್ಟುಗಳನ್ನು ಮೊಳದುದ್ದದ ಸ್ಪ್ಯಾನರಿನಿಂದ ಬಿಚ್ಚಿ ಬದಲಿಸಬೇಕು. ಒಳಗೆ ಹೋಗಲು ಮೈ ಸಣ್ಣಗಿರಬೇಕು, ಹೋದಮೇಲೆ ತೋಳು ಗಟ್ಟಿಯಿರಬೇಕು. ನಲವತ್ತೈದು ದಾಟುತ್ತಲೇ ಹೊಟ್ಟೆ ಹೇಳದೆ ಕೇಳದೆ ಮುಂದೆ ಬಂದಿತ್ತು.

ಸೋಪಿನ ನೀರು ಸುರಿದು, ಮೂವರು ಕಾಲು ಹಿಡಿದು ಜಗ್ಗಿ, ಮುಕ್ಕಾಲು ಗಂಟೆಯ ಮೇಲೆ ಹೊರಗೆ ತೆಗೆದರು. ಅಂಗಿ ಮಾತ್ರ ಒಳಗೇ ಉಳಿಯಿತು. ಅವನ ಮೇಲಧಿಕಾರಿ ಎಂಜಿನಿಯರು ಕನ್ನಡಕ ಒರೆಸಿಕೊಂಡರು.

"ಮುಂದಿನ ವರ್ಷ ತೊಳೆಯೋ ಹೊತ್ತಿಗೆ ಹತ್ತು ಕೆಜಿ ಇಳಿಸಿ. ಇಲ್ಲಾಂದ್ರೆ ನಿಮ್ಮನ್ನ ಸ್ಟೋರಿಗೆ ಹಾಕ್ತೀನಿ."

ಸ್ಟೋರ್ ಎಂದರೆ ಕಿಟಕಿಯಿಲ್ಲದ ಕೋಣೆಯಲ್ಲಿ ಬಲ್ಬು, ಪೊರಕೆಗಳನ್ನು ಕಾಯುತ್ತ ಕೂರುವುದು. ಸದ್ದು ಕೇಳಿಯೇ ಬಾಯ್ಲರಿನ ಆರೋಗ್ಯ ಹೇಳಬಲ್ಲವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಆ ಸಂಜೆ ಅವನು ಗೋಡೆಗೆ ಮುಖ ಮಾಡಿ ಮಲಗಿದ.

"ಅಲ್ಲಿ ಏನ್ ಮಾಡ್ಲೇ ನಾನು? ಪೊರಕೆಗೆ ಜ್ವರ ಬಂತಾ ಅಂತ ಹಣೆ ಮುಟ್ಟಿ ನೋಡ್ಲಾ?"

ಮೊದಲು ಅವನು ಹಿಡಿದದ್ದು ಉಪವಾಸದ ದಾರಿ. ಹೊಟ್ಟೆಗೆ ತಣ್ಣೀರು ಬಟ್ಟೆ. ಮೂರು ವಾರದಲ್ಲಿ ಎಂಬತ್ತೆಂಟು ಇದ್ದದ್ದು ಎಂಬತ್ತನಾಲ್ಕಕ್ಕೆ ಬಂತು. ಕೆನ್ನೆ ಗುಳಿಬಿತ್ತು, ಕಣ್ಣು ಒಳಗೆ ಹೋಯಿತು, ಮಗಳು ಕೆಮ್ಮಿದರೂ ರೇಗಿದ. ಹೊಟ್ಟೆ ಮಾತ್ರ ಬಾಡಿಗೆ ಕೊಟ್ಟವರ ಹಾಗೆ ಗಟ್ಟಿಯಾಗಿ ಕೂತಿತ್ತು. ಒಂದು ದಿನ ಹಬೆಯ ವಾಲ್ವ್ ತಿರುಗಿಸಲಾಗದೆ ಲಾಂಡ್ರಿಯವನನ್ನು ಕೂಗಿ ಕರೆದನಂತೆ. ಮನೆಗೆ ಬಂದು ಅಂಗೈ ನೋಡಿಕೊಳ್ಳುತ್ತ ಕೂತ.

"ಹೊಟ್ಟೆ ಹೋಗ್ತಿಲ್ಲ ಕಣೇ. ಕೈ ಹೋಗ್ತಿದೆ."

ಅವಳು ನಗುತ್ತಲೇ ಅವನ ಮುಂದೆ ಊಟದ ತಟ್ಟೆ ಇಟ್ಟಳು. ಮರುದಿನ ಫಿಸಿಯೋಥೆರಪಿ ಕೋಣೆಯ ಡಾಕ್ಟರಮ್ಮನ ಮುಂದೆ ನಿಂತಳು.

"ಹಸಿವಿಗೆ ಬಿಟ್ರೆ ಮೈ ಕೊಬ್ಬಿನ ಜೊತೆಗೆ ಮಾಂಸಖಂಡಾನೂ ತಿಂದುಬಿಡುತ್ತೆ ಸಿಸ್ಟರ್," ಎಂದಳು ಡಾಕ್ಟರಮ್ಮ. "ಊಟ ಸ್ವಲ್ಪ ಕಡಿಮೆ ಮಾಡಿ, ನಿಲ್ಲಿಸಬೇಡಿ. ಮೊಟ್ಟೆ, ಕಾಳು, ಮೊಸರು ಜಾಸ್ತಿ ಕೊಡಿ. ವಾರಕ್ಕೆ ಮೂರು ದಿನ ಭಾರ ಎತ್ತಿಸಿ, ಬರಬರ್ತಾ ಭಾರ ಹೆಚ್ಚಿಸಿ. ಚೆನ್ನಾಗಿ ನಿದ್ದೆ ಮಾಡ್ಲಿ."

"ಕೊಬ್ಬು ಇಳಿಯೋದು, ಮಾಂಸಖಂಡ ಬೆಳೆಯೋದು, ಎರಡೂ ಒಟ್ಟಿಗೆ ಆಗುತ್ತಾ?"

"ಆಗುತ್ತೆ, ನಿಧಾನಕ್ಕೆ. ತೂಕ ನೋಡಿ ಗಾಬರಿಯಾಗಬೇಡಿ. ಟೇಪ್ ಹಿಡೀರಿ."

ಮನೆಯಲ್ಲಿ ಕಸರತ್ತು ಶುರುವಾಯಿತು. ನೀರು ತುಂಬಿದ ಕ್ಯಾನುಗಳು ಡಂಬೆಲ್ ಆದವು. ಮಗಳ ಸ್ಕೂಲ್ ಬ್ಯಾಗು ಬೆನ್ನಿಗೇರಿತು, ಆಮೇಲೆ ಮಗಳೇ ಏರಿದಳು. ಅಪ್ಪ ದಂಡ ಹೊಡೆಯುತ್ತಿದ್ದರೆ ಅವಳು ಬೆನ್ನ ಮೇಲೆ ಕೂತು ಪಾಠ ಓದುವಳು.

"ಅಪ್ಪಾ, ಈ ಪುಟ ಮುಗಿಯೋ ತನಕ ಕೆಳಗೆ ಬರಬೇಡ."

"ಚಿತ್ರ ಇರೋ ಪುಟ ಓದೇ, ಪುಣ್ಯ ಬರುತ್ತೆ."

ಸಿಸ್ಟರ್ ವಾರ್ಡಿನಲ್ಲಿ ಕೂಸುಗಳ ತಲೆ ಅಳೆಯುವ ಟೇಪನ್ನೇ ತಂದಿದ್ದಳು. ಅದು ಗಂಡನ ಹೊಟ್ಟೆಯನ್ನು ಅರ್ಧದಷ್ಟೂ ಸುತ್ತಲಿಲ್ಲ. ಮೂರು ಟೇಪುಗಳನ್ನು ಸೇರಿಸಿ ಹೊಲಿದಳು. ಮೊದಲ ಅಳತೆ ನಲವತ್ತೆರಡು ಇಂಚು. ತಿಂಗಳು ಕಳೆದಂತೆ ನಲವತ್ತೊಂದು, ನಲವತ್ತು. ಹತ್ತನೇ ತಿಂಗಳಿಗೆ ಮೂವತ್ತಾರೂವರೆ. ಅಂಗಿಯ ಗುಂಡಿಗಳು ಹೊಟ್ಟೆಯ ಹತ್ತಿರ ನೆಮ್ಮದಿಯಾಗಿದ್ದವು, ತೋಳಿನ ಹೊಲಿಗೆ ಮಾತ್ರ ಎರಡು ಸಲ ಬಿಚ್ಚಿತು.

ಆದರೆ ಎಂಜಿನಿಯರು ನಂಬುತ್ತಿದ್ದದ್ದು ಲಾಂಡ್ರಿಯಲ್ಲಿ ಬಟ್ಟೆಗಂಟು ತೂಗುವ ಮಷೀನನ್ನು. ಸೋಮವಾರ ಸೋಮವಾರ ಅದರ ಮೇಲೆ ಇವನನ್ನು ನಿಲ್ಲಿಸುತ್ತಿದ್ದರು. ಎಂಬತ್ತನಾಲ್ಕು ಎಂಬತ್ತಾರಾಯಿತು, ಎಂಬತ್ತೇಳಾಯಿತು. ಕೊನೆಯ ಸೋಮವಾರ ಮುಳ್ಳು ಎಂಬತ್ತೆಂಟಕ್ಕೆ ಬಂದು ನಿಂತಿತು.

"ಏನ್ರೀ ಇದು? ಇಳಿದದ್ದೂ ಏರಿಬಿಡ್ತಲ್ಲ!"

ಅವನ ಮುಖ ಹುಳ್ಳಗಾಯಿತು. ಸುದ್ದಿ ತಿಳಿದ ಸಿಸ್ಟರ್ ಎಪ್ರನ್ ಕೂಡ ಬಿಚ್ಚದೆ ಎಂಜಿನಿಯರ ಕೋಣೆಗೆ ಹೋದಳು. ಮೇಜಿನ ಮೇಲೆ ಸ್ಟೋರಿನ ವರ್ಗಾವಣೆ ಕಾಗದ ಟೈಪಾಗಿ ಕೂತಿತ್ತು, ಸಹಿಯೊಂದು ಬಾಕಿ.

"ಸರ್, ಸೊಂಟ ಐದೂವರೆ ಇಂಚು ಇಳಿದಿದೆ."

"ನಾನು ಹೇಳಿದ್ದು ಕೆಜಿ ಸಿಸ್ಟರ್, ಇಂಚಲ್ಲ."

"ಬಾಯ್ಲರಿನ ಬಾಯಿ ಎಷ್ಟು ಕೆಜಿ ಇದೆ ಸರ್?"

ಎಂಜಿನಿಯರು ಕಾಗದವನ್ನು ಪಕ್ಕಕ್ಕೆ ಸರಿಸಿದರು. ಪೆನ್ನು ಕಿಸೆಗೆ ಹೋಯಿತು. "ಸರಿ, ತೊಳೆಯೋ ದಿನ ನೋಡೋಣ. ಸಿಕ್ಕಿಹಾಕ್ಕೊಂಡ್ರೆ ಅವತ್ತೇ ಸ್ಟೋರು."

ಆ ದಿನ ಬಾಯ್ಲರ್ ಕೋಣೆಯಲ್ಲಿ ಮದುವೆಮನೆಯಷ್ಟು ಜನ. ಅವನು ಬಾವಿಗೆ ಧುಮುಕುವವನಂತೆ, ಇಪ್ಪತ್ತು ವರ್ಷದ ರೂಢಿಯಂತೆ, ಎರಡೂ ಕೈ ಮುಂದೆ ಚಾಚಿ ಒಳಗೆ ತೂರಿದ. ಕೈ ಹೋದವು, ತಲೆ ಹೋಯಿತು. ಆಮೇಲೆ ಏನೂ ಹೋಗಲಿಲ್ಲ. ಕಾಲುಗಳು ಸೈಕಲ್ ತುಳಿಯತೊಡಗಿದವು.

"ಹೊಟ್ಟೆ ಅಲ್ಲ ಕಣೇ!" ಎಂದು ಒಳಗಿನಿಂದ ಕೂಗು ಬಂತು. ಅದರಲ್ಲಿ ಗಾಬರಿಯ ಜೊತೆ ಒಂದಿಷ್ಟು ಜಂಬವೂ ಇತ್ತು. "ಈ ಸಲ ಭುಜ!"

ಲಾಂಡ್ರಿಯವನು ಸೋಪಿಗೆ ಓಡಿದ. ಇಬ್ಬರು ಕಾಲಿಗೆ ಕೈ ಹಾಕಿದರು. ಎಂಜಿನಿಯರು ಕಿಸೆಯಿಂದ ಪೆನ್ನು ತೆಗೆದರು.

"ಯಾರೂ ಎಳೀಬೇಡಿ!"

ಹೆರಿಗೆ ಕೋಣೆಯಲ್ಲಿ ದೊಡ್ಡ ಡಾಕ್ಟರನ್ನೂ ಸುಮ್ಮನಾಗಿಸುವ ಸಿಸ್ಟರ್ ದನಿ ಅದು. ಎಲ್ಲರ ಕೈಯೂ ಹಿಂದೆ ಬಂತು. ತಲೆ ದಾಟಿ ಭುಜ ಸಿಕ್ಕಿಕೊಂಡ ಕೂಸುಗಳನ್ನು ಅವಳು ಎಷ್ಟು ಕಂಡಿಲ್ಲ! ಜಗ್ಗಿದರೆ ಕೆಟ್ಟಿತು. ಒಂದು ತೋಳನ್ನು ಹುಡುಕಿ ಬಿಡಿಸಬೇಕು, ಮೈಯನ್ನು ಓರೆ ಮಾಡಬೇಕು. ಅವಳು ಮಂಡಿಯೂರಿ, ಗಂಡನ ಬೆನ್ನಿನ ಗುಂಟ ಕೈ ತೂರಿಸಿದಳು. ಕೊಬ್ಬಿದ್ದಲ್ಲಿ ಈಗ ಮಾಂಸಖಂಡ ಸಿಕ್ಕಿತು.

"ರೀ, ಉಸಿರು ಬಿಡಿ. ಎಡಗೈ ಹಿಂದಕ್ಕೆ ತಗೊಂಡು ತೊಡೆಗೆ ಅಂಟಿಸಿ. ಬಲಗೈ ಮಾತ್ರ ಮುಂದಿರಲಿ. ಈಗ ಮಗ್ಗುಲಾಗಿ."

"ಹೀಗಾ?"

"ಮಾತು ಬೇಡ, ತಿರುಗಿ. ಇನ್ನೊಂಚೂರು. ಹಾಂ, ಬಂತು, ಬಂತು. ಮುಕ್ಕಿ!"

ಕೊನೆಯ ಮಾತು ಹೆರುವವರಿಗೆ ಹೇಳಿ ಹೇಳಿ ಅಭ್ಯಾಸಬಲದಿಂದ ಬಾಯಿಗೆ ಬಂದದ್ದು. ಅವನು ನಿಜವಾಗಿಯೂ ಮುಕ್ಕಿದ. ಒಂದು ಭುಜ ಜಾರಿತು, ಹಿಂದೆಯೇ ಇನ್ನೊಂದು. ಹೋದ ವರ್ಷ ಮಾನ ಕಳೆದಿದ್ದ ಹೊಟ್ಟೆ ಅಂಚು ಸವರಿಕೊಂಡು ಒಳಗೆ ಹೋಯಿತು.

ಬಕೆಟ್ ಹಿಡಿದು ಬಂದ ಲಾಂಡ್ರಿಯವನು ಖಾಲಿ ಬಾಯಿ ನೋಡಿ ಕೇಳಿದ: "ಅಕ್ಕಾ, ಗಂಡಾ ಹೆಣ್ಣಾ?"

"ಗಂಡು. ಎಂಬತ್ತೆಂಟು ಕೆಜಿ."

ಎಂಜಿನಿಯರು ಕೂಡ ನಕ್ಕುಬಿಟ್ಟರು. ಆಮೇಲೆ ನಕ್ಕದ್ದನ್ನು ಮುಚ್ಚಲು ಕೆಮ್ಮಿದರು.

ಒಳಗೆ ಕೆರೆಯುವ ಸದ್ದು ಕೇಳಿತು. ಬಳಿಕ ಸ್ಪ್ಯಾನರಿನ ಠಣ್ ಠಣ್. ತುಕ್ಕು ಹಿಡಿದ ನಟ್ಟು ಕಿರುಗುಟ್ಟಿ ಸೋತು ಸಡಿಲಾದದ್ದು ಹೊರಗಿದ್ದವರಿಗೂ ಕೇಳಿಸಿತು. ಎರಡು ಗಂಟೆಯ ಮೇಲೆ ಮೊದಲು ಒಂದು ಕೈ ಹೊರಬಂತು, ಆಮೇಲೆ ಸುಣ್ಣ, ತುಕ್ಕು ಮೆತ್ತಿದ ಮುಖ, ಮಗ್ಗುಲಾದ ಮೈ. ಅವಳು ಸೆರಗಿನಿಂದ ಅವನ ಕಣ್ಣು ಒರೆಸಿದಳು. ಅವನು ಸೊಂಟ ಸವರಿಕೊಂಡು, ಸುತ್ತಲೂ ನೋಡಿ, ತಲೆ ಕೆರೆದುಕೊಂಡ.

"ಸ್ಪ್ಯಾನರ್ ಒಳಗೇ ಬಿಟ್ಟೆ."

ಅವಳು ಕೈ ಕೊಡಲು ಬಾಗುವಷ್ಟರಲ್ಲಿ ಬಲಗೈ ಮುಂದಾಗಿ, ಮೈ ಓರೆಯಾಗಿ, ಅವನು ಮತ್ತೆ ಒಳಗಿದ್ದ. ಅವಳ ಕೈ ಗಾಳಿಯಲ್ಲೇ ಉಳಿಯಿತು.

ಎಂಜಿನಿಯರು ವರ್ಗಾವಣೆ ಕಾಗದವನ್ನು ಮಡಚಿ, ಇನ್ನೂ ಮಡಚಿ, ಬೆರಳುದ್ದ ಮಾಡಿದರು. "ಸ್ಟೋರಿಗೆ ಬೇರೆ ಯಾರನ್ನಾದ್ರೂ ಹುಡುಕಬೇಕಲ್ಲಪ್ಪ" ಎಂದು ಗೊಣಗುತ್ತ ಹೊರಟರು.

ಅಷ್ಟರಲ್ಲಿ ಮೇಲಿನಿಂದ ವಾರ್ಡಿನ ಕರೆ ಬಂತು. ಸಿಸ್ಟರ್ ಬಾಯ್ಲರಿನ ಬಾಯಿಗೆ ಬಗ್ಗಿದಳು.

"ರೀ, ಮೇಲೆ ಒಬ್ಬಳಿಗೆ ನೋವು ಶುರುವಾಗಿದೆಯಂತೆ. ನೀವೇ ಹೊರಗೆ ಬರ್ತೀರಾ, ನಾನಿರಬೇಕಾ?"

"ನೀನು ಹೋಗೇ, ನಾನೇ ಬರ್ತೀನಿ. ಇಲ್ಲಿ ಇನ್ನೊಂದು ನಟ್ಟಿನ ಸದ್ದು ಯಾಕೋ ಸರಿ ಇಲ್ಲ, ವಿಚಾರಿಸ್ಕೊಂಡು ಬರ್ತೀನಿ."

ಅವನ ದನಿಯಲ್ಲಿ ಯಾವ ಅವಸರವೂ ಇರಲಿಲ್ಲ. ಅವಳು ಕೈ ತೊಳೆದುಕೊಂಡು ಮೆಟ್ಟಿಲು ಹತ್ತಿದಳು.