ಭತ್ತ ತುಂಬಿದ ಬೊಂಬೆ

“ಬಂದ ಮೇಲೆ ಬಿಳಿ ಅಂಗಿಯ ಬೊಂಬೆ ಹೊಲಿದುಕೊಡ್ತೀನಿ, ಅಳಬೇಡ” ಎಂದು ಪೋ ವಾಳಿಗೆ ಮಾತು ಕೊಟ್ಟವಳು ಅವಳಮ್ಮ. ಮಗುವಿಗೆ ಆಗ ಎರಡೂವರೆ ವರ್ಷ. ಬಿಟ್ಟುಬಂದ ಗದ್ದೆಯಲ್ಲಿ ಏನಾದರೂ ಉಳಿದಿದೆಯೋ ನೋಡಿಬರುತ್ತೇನೆಂದು ನಿರಾಶ್ರಿತರ ಶಿಬಿರದಿಂದ ನದಿ ದಾಟಿ ಬರ್ಮಾ ಕಡೆಗೆ ಹೋದಳು. ದಾರಿಯಲ್ಲಿ ಯಾರೋ ಹೂತಿಟ್ಟಿದ್ದ ನೆಲಬಾಂಬು ಕಾಲಿಗೆ ಸಿಕ್ಕಿತು. ಅವತ್ತಿನಿಂದ ಆ ಮಾತು ಅಜ್ಜಿ ತೇ ಮುವಿನ ತಲೆಯ ಮೇಲೆ ಕೂತಿತು. ಶಿಬಿರದ ಬದುಕೆಂದರೆ ನೀರಿಗೆ ಸಾಲು, ಅಕ್ಕಿಗೆ ಸಾಲು, ನಡುವೆ ಯಾರದೋ ಹೆರಿಗೆಗೆ ಓಡುವುದು. ನಾಳೆ ಹೊಲಿದರಾಯಿತು, ನಾಡಿದ್ದು ಹೊಲಿದರಾಯಿತು ಎನ್ನುತ್ತಲೇ ಐದು ವರ್ಷ ಹೋಯಿತು.

ಆಮೇಲೆ ಹೊರದೇಶಕ್ಕೆ ನೆಲೆಸಲು ಕಳಿಸುವವರ ಪಟ್ಟಿಯಲ್ಲಿ ಅಳಿಯ ಕೇ ಡೋನ ಹೆಸರು ಬಂತು, ಮೊಮ್ಮಗಳು ಪೋ ವಾಳ ಹೆಸರೂ ಬಂತು. ನಾರ್ವೆಯಂತೆ. ಮೂರು ದಿನದಲ್ಲಿ ಬಸ್ಸಂತೆ. ಅವರ ಕಾಗದದಲ್ಲಿ ತೇ ಮುವಿನ ಹೆಸರಿರಲಿಲ್ಲ. ಇನ್ನು ಸೇರಿಸಲು ಬರುವುದಿಲ್ಲ ಎಂದು ಕಚೇರಿಯವರು ಎರಡು ಸಲ ಹೇಳಿ ಕಳಿಸಿದ್ದರು.

ಅವಳು ಸೂಜಿ ಹಿಡಿದು ಕೂತಳು. ಮದುವೆಯಾಗದ ಹುಡುಗಿ ಬಿಳಿ ಉದ್ದಂಗಿ ತೊಡಬೇಕು, ಬಣ್ಣದ ಕುಪ್ಪಸ ಮದುವೆಯಾದವಳಿಗೆ. ಬೊಂಬೆಯಾದರೇನು, ಕಟ್ಟಳೆ ಕಟ್ಟಳೆಯೇ. ಮನೆಯಲ್ಲಿದ್ದ ಬಿಳಿ ಬಟ್ಟೆ ಒಂದೇ, ಸತ್ತ ಮಗಳು ಹುಡುಗಿಯಾಗಿದ್ದಾಗ ತೊಟ್ಟ ಅಂಗಿ. ಅದಕ್ಕೆ ಕತ್ತರಿ ಹಾಕುವಾಗ ತೇ ಮು ಬೇರೆ ಕಡೆ ನೋಡಿದಳು. ಹಳೇ ಲುಂಗಿಯಲ್ಲಿ ಮೈ, ಕಪ್ಪು ನೂಲಿನಲ್ಲಿ ಕೂದಲು, ಅದೇ ನೂಲಿನಲ್ಲಿ ಕಣ್ಣು. ಬಾಯಿ ಹೊಲಿಯುವಾಗ ಒಂದು ಹೊಲಿಗೆ ಕೆಳಗೆ ಜಾರಿ ಬೊಂಬೆ ಸ್ವಲ್ಪ ಮುನಿಸಿಕೊಂಡಂತೆ ಕಂಡಿತು. ಬಿಚ್ಚಿ ಹೊಲಿಯಲು ಹೊತ್ತಿರಲಿಲ್ಲ.

ಉಳಿದದ್ದು ಹೊಟ್ಟೆ.

ಅವರ ಹಿರಿಯರ ಲೆಕ್ಕದಲ್ಲಿ ಮನುಷ್ಯನಿಗೆ ಮೂವತ್ತೇಳು ಜೀವ. ಊರು ಬಿಟ್ಟು ಹೋಗುವಾಗ ಒಂದು ಹಿಂದುಳಿದರೂ ಆಳು ಹಾಸಿಗೆ ಹಿಡಿಯುತ್ತಾನೆ. ಅದಕ್ಕೇ ಮುಂಗೈಗೆ ದಾರ ಕಟ್ಟಿ, ಅನ್ನದುಂಡೆ, ಬಾಳೆಹಣ್ಣು, ಕಬ್ಬಿನ ತುಂಡು ಇಟ್ಟು ಜೀವವನ್ನು ಕೂಗಿ ಕರೆಯುವುದು. ನಾರ್ವೆಯಲ್ಲಿ ಕೂಗುವವರು ಯಾರು? ತೇ ಮು ಕರೆಯುವ ಶಾಸ್ತ್ರಕ್ಕೆಂದು ತೆಗೆದಿಟ್ಟಿದ್ದ ಭತ್ತವನ್ನೇ ಬೊಂಬೆಯ ಹೊಟ್ಟೆಗೆ ತುಂಬಿದಳು. ಜೀವ ಅನ್ನದ ಬೆನ್ನು ಹತ್ತಿ ಹೋಗುತ್ತದೆ. ಅನ್ನ ಬೊಂಬೆಯೊಳಗೆ, ಬೊಂಬೆ ಮಗುವಿನ ಕಂಕುಳಲ್ಲಿ.

“ಅತ್ತೆ, ಕಾಳುಗೀಳು ಬಿಡಲ್ಲ ಅಂತ ಮೀಟಿಂಗಲ್ಲಿ ಹೇಳಿದ್ರು” ಎಂದ ಕೇ ಡೋ.

“ಬೊಂಬೆ ಹೊಟ್ಟೆ ಯಾರು ನೋಡ್ತಾರೆ? ನೀನು ನಿನ್ನ ಪೆಟ್ಟಿಗೆ ನೋಡ್ಕೋ.”

ಬಸ್ಸಿನ ದಿನ ಗೇಟಿನ ಬಳಿ ಮೇಜು ಹಾಕಿ ಸಾಮಾನು ನೋಡುತ್ತಿದ್ದವಳು ಎರಡು ಓಣಿಯಾಚೆಯ ಹುಡುಗಿ ಮು ಲೇ. ಬೊಂಬೆಯನ್ನು ಎತ್ತಿ ಹಿಚುಕಿದಳು.

“ಅಜ್ಜಿ, ಒಳಗೆ ಏನಿದೆ?”

“ಹತ್ತಿ.”

“ಹತ್ತಿ ಹೀಗೆ ಸರಸರ ಅನ್ನುತ್ತಾ?”

“ಹಳೇ ಹತ್ತಿ.”

ಸಾಲಿನಲ್ಲಿದ್ದವರು ನಕ್ಕರು. ತೇ ಮು ನಗಲಿಲ್ಲ. “ನೀನು ಕಾಲು ಮುಂದಾಗಿ ಹುಟ್ಟಿದವಳು. ನಿಮ್ಮಮ್ಮ ಉಳಿದದ್ದು ಈ ಕೈಯಿಂದ.”

“ಗೊತ್ತಜ್ಜಿ, ಮನೇಲಿ ದಿನಾ ಅದೇ ಮಾತು. ಅದಕ್ಕೇ ಮೆಲ್ಲಗೆ ಹೇಳ್ತಿದೀನಿ. ಮುಂದೆ ವಿಮಾನದ ಹತ್ರ ಸಿಕ್ಕಿಬಿದ್ರೆ ಬೊಂಬೇನೂ ಹೋಗುತ್ತೆ, ಇವರ ಕಾಗದಾನೂ ಪಕ್ಕಕ್ಕಿಡ್ತಾರೆ. ಇನ್ನು ಕಾಲು ಗಂಟೆ ಇದೆ. ಖಾಲಿ ಮಾಡಿ.”

“ಏಳು ಕಾಳು ಬಿಡು ಮಗಾ. ಏಳೇ ಏಳು.”

“ಒಂದೂ ಆಗಲ್ಲ.”

ತೇ ಮು ಅಲ್ಲೇ ಮಣ್ಣಿನ ಮೇಲೆ ಕೂತು ಹಲ್ಲಿನಿಂದ ದಾರ ಕಿತ್ತಳು. ಭತ್ತ ಮಡಿಲಿಗೆ ಸುರಿಯಿತು. ಬೊಂಬೆ ಸುಲಿದ ತೊಗಲಿನಂತೆ ಕೈಯಲ್ಲಿ ಜೋತುಬಿತ್ತು.

“ಅಜ್ಜಿ, ಅವಳಿಗೆ ನೋಯುತ್ತಾ?” ಪೋ ವಾ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು.

“ಇಲ್ಲ. ಹಸಿವಾಗುತ್ತೆ, ಅಷ್ಟೆ.”

ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಹರಿದು ತುಂಬಿದಳು. ಸಾಲಲಿಲ್ಲ. ಉಟ್ಟ ಲುಂಗಿಯ ಅಂಚು ಹರಿದಳು. ಸೂಜಿಯ ಕಣ್ಣು ಕಾಣಿಸುತ್ತಿರಲಿಲ್ಲ. ಪೋ ವಾ ದಾರ ಪೋಣಿಸಿಕೊಟ್ಟಳು. ಡ್ರೈವರ್ ಇಂಜಿನ್ ಶುರು ಮಾಡಿದ.

ಬಿಳಿ ಅಂಗಿಯ ಮಡಿಕೆಯಲ್ಲಿ ಒಂದು ಕಾಳು ಸಿಕ್ಕಿಕೊಂಡಿತ್ತು. ತೇ ಮು ನೋಡಿದಳು. ಮು ಲೇ ಬೇರೆಯವರ ಚೀಲದೊಳಗೆ ಕೈಹಾಕಿದ್ದಳು. ಅಂಚಿನಲ್ಲಿ ಎರಡು ಹೊಲಿಗೆ ಹಾಕಿದರೆ ಯಾರಿಗೂ ಗೊತ್ತಾಗದು, ಮಗುವಿನ ಜೀವ ಜೊತೆಗೇ ಹೋಗುತ್ತದೆ. ಹಾಗೆ ಅಂದುಕೊಂಡ ಮರುಕ್ಷಣವೇ ಇನ್ನೊಂದು ಯೋಚನೆ ಬಂದು ಎದೆಯ ಮೇಲೆ ಕೂತಿತು. ಗೊತ್ತಾದರೆ? ಕಾಗದ ಪಕ್ಕಕ್ಕಿಡುತ್ತಾರೆ. ಮಗು ವಾಪಸು ಬರುತ್ತದೆ. ಇದೇ ಗುಡಿಸಲಿಗೆ, ಇದೇ ಚಾಪೆಗೆ, ತನ್ನ ಬೆನ್ನಿಗೆ ಅಂಟಿ ಮಲಗಲು.

ಅವಳು ಸೂಜಿ ಚುಚ್ಚಲಿಲ್ಲ, ತೆಗೆಯಲೂ ಇಲ್ಲ. ಒಂದು ಕಾಳು. ಇಡೀ ನಾರ್ವೆಯನ್ನು ತಡೆಯುವ ಒಂದು ಕಾಳು.

“ಅತ್ತೆ, ಹೆಸರು ಕೂಗ್ತಿದಾರೆ.” ಕೇ ಡೋ ಪೆಟ್ಟಿಗೆ ಎತ್ತಿಕೊಂಡ. “ಇಲ್ಲಿ ಇವಳಿಗೇನಿದೆ ಹೇಳಿ? ಬೇಗ, ನಿಮ್ಮ ದಮ್ಮಯ್ಯ.”

ಮಗು ಅಜ್ಜಿಯ ಹರಿದ ಲುಂಗಿಯ ಅಂಚನ್ನು ಬೆರಳಲ್ಲಿ ಸುತ್ತುತ್ತಾ ನಿಂತಿತ್ತು. ಅದರ ಮೊಣಕಾಲಿನ ಹುಣ್ಣು ಇನ್ನೂ ವಾಸಿಯಾಗಿರಲಿಲ್ಲ. ಶಿಬಿರದ ಆಸ್ಪತ್ರೆಯಲ್ಲಿ ಅದಕ್ಕೆ ಮದ್ದು ಮುಗಿದು ತಿಂಗಳಾಗಿತ್ತು.

ತೇ ಮು ಸೂಜಿಯ ಮೊನೆಯಿಂದ ಕಾಳನ್ನು ಎಬ್ಬಿಸಿ ಮಣ್ಣಿಗೆ ಕೆಡವಿದಳು. ಹೊಟ್ಟೆಯನ್ನು ಒರಟು ಹೊಲಿಗೆಯಲ್ಲಿ ಮುಚ್ಚಿ ಗಂಟು ಹಾಕಿದಳು. ಮು ಲೇ ಇನ್ನೊಮ್ಮೆ ಹಿಚುಕಿದಳು. ಸದ್ದಿರಲಿಲ್ಲ. ತಲೆಯಾಡಿಸಿ ದಾಟಿಸಿದಳು.

“ನೀನು ನಾಳೆ ಬಸ್ಸಿಗೆ ಬಾ ಅಜ್ಜಿ” ಎಂದಳು ಪೋ ವಾ.

“ಹತ್ತು, ಹತ್ತು. ಅಪ್ಪನ ಕೈ ಬಿಡಬೇಡ.”

ಬಸ್ಸು ಹೋಯಿತು. ಬಿಳಿ ಅಂಗಿಯ ಬೊಂಬೆ ಪೋ ವಾಳ ಕೈಯಲ್ಲಿತ್ತು. ಅವಳಮ್ಮ ಕೊಟ್ಟ ಮಾತು ನಡೆಯಿತು.