ಯೂಸ್ತಿನಾಳ ನೀಲಿ ಪಾತ್ರೆ

ಅಮ್ಮನನ್ನು ಮಣ್ಣು ಮಾಡಿ ಬಂದು ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಿದ್ದೆವು. ಎಲೆಕೋಸಿನ ಸುರುಳಿಯನ್ನು ಇನ್ನೇನು ಬಾಯಿಗಿಡಬೇಕು, ಅಷ್ಟರಲ್ಲಿ ಪಕ್ಕದ ಹೊಲದ ಯೂಸ್ತಿನಾ ಕೋಲೂರಿಕೊಂಡು ಬಂದು ನಿಂತಳು. ಎಂಬತ್ತನಾಲ್ಕು ವರ್ಷ. ಕಿವಿ ಮಂದ, ಗಂಟಲು ಮಾತ್ರ ಕಂಚು.

"ಓರೀಸ್ಯಾ, ನಿಮ್ಮಪ್ಪ ಸತ್ತಾಗ ಊಟ ತಂದ ನನ್ನ ನೀಲಿ ಪಾತ್ರೆ ನಿಮ್ಮಮ್ಮ ಇಟ್ಕೊಂಡು ಮೂವತ್ತೊಂದು ವರ್ಷ ಆಯ್ತು. ಈಗಲಾದ್ರೂ ವಾಪಸ್ ಬರುತ್ತಾ?"

ಇಡೀ ನೆಲಮಾಳಿಗೆ ಚಮಚ ಕೆಳಗಿಟ್ಟಿತು. ನಮ್ಮ ಸಸ್ಕಾಚೆವಾನ್ ಬಯಲಿನಲ್ಲಿ ಹೆಂಗಸು ಕುಡಿದರೂ ಕ್ಷಮೆಯಿದೆ, ಪ್ರಾರ್ಥನೆಗೆ ತಡವಾಗಿ ಬಂದರೂ ಕ್ಷಮೆಯಿದೆ. ಇನ್ನೊಬ್ಬಳ ಪಾತ್ರೆ ಇಟ್ಟುಕೊಂಡವಳಿಗೆ ಇಲ್ಲ. ಸಾವಿನ ಮನೆಗೆ ಊಟ ಬಂದ ಪಾತ್ರೆಯನ್ನು ತೊಳೆದು, ಒಳಗೆ ಏನಾದರೂ ತುಂಬಿ, ವಾರದೊಳಗೆ ಹಿಂದಿರುಗಿಸಬೇಕು. ಅದಕ್ಕೇ ಪ್ರತಿ ಪಾತ್ರೆಯ ತಳದಲ್ಲೂ ಮೊಳೆಯಿಂದ ಗೀಚಿದ ಹೆಸರಿರುತ್ತದೆ.

ನನಗೆ ಸಿಟ್ಟು ನೆತ್ತಿಗೇರಿತು. "ನಮ್ಮಮ್ಮ ಇನ್ನೊಬ್ಬರ ಚಮಚಾನೂ ಇಟ್ಕೊಂಡೋಳಲ್ಲ, ತೇತಾ," ಎಂದೆ. ಊರಿನ ಹಿರಿಯ ಹೆಂಗಸರೆಲ್ಲ ನಮಗೆ ತೇತಾ, ಸಂಬಂಧ ಇರಲಿ ಬಿಡಲಿ. "ನಲವತ್ತನೇ ದಿನದ ಊಟದೊಳಗೆ ಮನೆಯೆಲ್ಲ ಜಾಲಾಡ್ತೀನಿ. ಸಿಗ್ಲಿಲ್ಲ ಅಂದ್ರೆ ಇದೇ ಜನದ ಮುಂದೆ ನೀವು ತಪ್ಪಾಯ್ತು ಅನ್ಬೇಕು."

"ಹುಡುಕು, ಹುಡುಕು," ಎಂದು ನನ್ನ ತಟ್ಟೆಯಿಂದಲೇ ಒಂದು ಸುರುಳಿ ಎತ್ತಿಕೊಂಡು ಹೋದಳು.

"ಬಿಡಕ್ಕ, ಮುದುಕಿಗೆ ಅರಳುಮರಳು," ಎಂದ ತಮ್ಮ ಓಸ್ತಾಪ್.

ಬಿಡುವುದು ಹೇಗೆ? ಯಾರ ಹಂಗೂ ಇಲ್ಲದವಳು ಎಂಬ ಹೆಸರೊಂದೇ ಅಮ್ಮ ಗಳಿಸಿದ್ದ ಆಸ್ತಿ. ಅಪ್ಪ ಸತ್ತಾಗ ನನಗೆ ಏಳು, ಇವನಿಗೆ ಮೂರು. ಗೋಧಿ ಕೊಯ್ಯುವ ಯಂತ್ರ ಕೆಟ್ಟರೆ ಹುಲ್ಲು ಕಟ್ಟುವ ಹುರಿಯಿಂದ ಬಿಗಿದು ಹೊರಡಿಸಿಬಿಡುತ್ತಿದ್ದಳು. ಕೂದಲು ಕತ್ತರಿಸುವ ದಿನ ಮೊದಲು ಕುರಿಗಳ ಸರದಿ, ಆಮೇಲೆ ಅದೇ ಕತ್ತರಿಯಲ್ಲಿ ನಮ್ಮದು. ಕುರಿಗಳೇ ನಮಗಿಂತ ಲಕ್ಷಣವಾಗಿ ಕಾಣುತ್ತಿದ್ದವು. ಯಾರಾದರೂ ಸಹಾಯಕ್ಕೆ ಬಂದರೆ ಅವರ ಕೈಗೇ ಒಂದು ಡಜನ್ ಮೊಟ್ಟೆ ಕೊಟ್ಟು ಸಾಗಹಾಕುತ್ತಿದ್ದಳು.

ಐದು ಶನಿವಾರ ಹುಡುಕಿದೆವು. ಆ ಮನೆಯಲ್ಲಿ ಯಾವ ವಸ್ತುವೂ ಹುಟ್ಟಿದ ಹಾಗೆ ಉಳಿದಿರಲಿಲ್ಲ. ಸ್ನಾನದ ತೊಟ್ಟಿಯಲ್ಲಿ ಹಸು ನೀರು ಕುಡಿಯುತ್ತಿತ್ತು. ಬಟ್ಟೆ ಒಗೆಯುವ ಯಂತ್ರದ ಮೋಟಾರು ಕೊಡಲಿ ಮಸೆಯುತ್ತಿತ್ತು. ನನ್ನ ಶಾಲೆಯ ಕೋಟು ಟ್ರ್ಯಾಕ್ಟರಿನ ಸೀಟಾಗಿತ್ತು. ಓಸ್ತಾಪ್ ಅದರ ಜೇಬಿನಿಂದ ನನ್ನ ಅಂಕಪಟ್ಟಿ ಎಳೆದು ಗಣಿತದ ಅಂಕವನ್ನು ಎರಡು ಸಲ ಓದಿದ. ನೀಲಿ ಪಾತ್ರೆ ಮಾತ್ರ ಎಲ್ಲೂ ಇಲ್ಲ. ಗೆದ್ದೆನೆಂದು ಬೀಗಿದೆ.

ಮೂವತ್ತೊಂಬತ್ತನೇ ದಿನ ಕೊಟ್ಟಿಗೆಯ ಹಿಂದಿನ ಹಳೇ ಟ್ರಕ್ಕಿನಲ್ಲಿ ಸುಮ್ಮನೆ ಹೋಗಿ ಕೂತೆ. ಅಮ್ಮ ಬೇಕೆನಿಸಿತ್ತು. ನನ್ನ ಕಾಲು ತಾನಾಗಿ ಕಾಲ್ಮಣೆಯ ಮೇಲೆ ಹೋಯಿತು. ಅಪ್ಪ ಸತ್ತ ಚಳಿಗಾಲದಲ್ಲಿ ಟ್ರಕ್ಕಿನ ತಳ ತುಕ್ಕು ತಿಂದು ತೂತಾಗಿ, ಸರಿಯಾಗಿ ನನ್ನ ಕಾಲ ಕೆಳಗೆ ಹಿಮ ನುಗ್ಗುತ್ತಿತ್ತು. ಒಂದು ಬೆಳಗ್ಗೆ ನೋಡಿದರೆ ಅಲ್ಲಿ ಕಂಬಳಿ ಹೊದಿಸಿದ ಕಾಲ್ಮಣೆ. "ನನ್ನ ರಾಣಿಗೆ," ಎಂದಿದ್ದಳು ಅಮ್ಮ. ಯಾಕೋ ಅನುಮಾನ ಬಂದು ಕಂಬಳಿ ಕಿತ್ತೆ. ಬೋರಲು ಹಾಕಿ, ಅಂಚಿಗೆ ನಾಲ್ಕು ಬೋಲ್ಟು ಬಿಗಿದ ನೀಲಿ ಪಾತ್ರೆ. ಅದರ ತಳದಲ್ಲಿ ಮೊಳೆಯ ಗೀಚು: ಯೂಸ್ತಿನಾ.

ನಾಚಿಕೆಯಿಂದ ಕುಗ್ಗಿಹೋದೆ. ಬೋಲ್ಟು ಬಿಚ್ಚಿ, ಪಾತ್ರೆ ತಿಕ್ಕಿ ತೊಳೆದು, ಅಮ್ಮ ಮಾಡಿ ಫ್ರೀಜರಿನಲ್ಲಿಟ್ಟಿದ್ದ ಕಡೆಯ ಆಲೂಗಡ್ಡೆ ಕಡುಬುಗಳನ್ನು ಬೇಯಿಸಿ ತುಂಬಿಕೊಂಡು ಯೂಸ್ತಿನಾಳ ಬಾಗಿಲು ತಟ್ಟಿದೆ.

"ನನ್ನದೇ ತಪ್ಪು ತೇತಾ. ಟ್ರಕ್ಕಿನಲ್ಲಿತ್ತು."

"ಗೊತ್ತು ಬಿಡೆ. ಆ ವರ್ಷ ಕ್ರಿಸ್‌ಮಸ್‌ಗೆ ನಿಮ್ಮಮ್ಮಾನೇ ನನ್ನ ಅದೇ ಟ್ರಕ್ಕಲ್ಲಿ ಚರ್ಚಿಗೆ ಕರ್ಕೊಂಡೋಗಿದ್ಲು. ಕಂಬಳಿ ಜಾರಿತ್ತು. ನನ್ನ ಹೆಸರಿನ ಮೇಲೆ ನಾನೇ ಕಾಲಿಟ್ಕೊಂಡು ಹೋದೆ."

"ಮತ್ತೆ ಗೊತ್ತಿದ್ದೂ ಯಾಕೆ ಕೇಳಿದ್ರಿ?"

"ಕೇಳೋದು ಬಿಟ್ಟಿದ್ರೆ ಅದು ದಾನ ಆಗೋದು. ನಿಮ್ಮಮ್ಮ ದಾನ ಇಸ್ಕೊಳ್ಳೋ ಪೈಕೀನಾ? ಅವತ್ತೇ ಬಿಚ್ಚಿ ತಂದು ಬಿಸಾಕೋಳು, ನಿನ್ನ ಕಾಲು ಹಿಮದಲ್ಲಿರೋದು. ಅದಕ್ಕೇ ಪ್ರತಿ ಭಾನುವಾರ ನಾನು ಅವಳ ಕಿವೀಲಿ 'ಪಾತ್ರೆ ಎಲ್ಲೆ' ಅಂತ ಕೇಳೋದು, ಅವಳು 'ಮುಂದಿನ ವಾರ' ಅನ್ನೋದು, ಇಬ್ರೂ ನಗೋದು."

"ಮಣ್ಣು ಮಾಡಿದ ದಿನಾನೂ ಕೇಳ್ಬೇಕಿತ್ತಾ?"

"ಮುಂದಿನ ವಾರ ಅಂತಾಳೇನೋ ಅಂತ ಕೇಳ್ದೆ," ಎಂದು ಕಣ್ಣೊರೆಸಿಕೊಂಡು ಒಂದು ಕಡುಬು ಬಾಯಿಗಿಟ್ಟಳು. "ಉಪ್ಪು ಕಮ್ಮಿ. ಯಾವಾಗ್ಲೂ ಕಮ್ಮೀನೇ."

ಉಳಿದದ್ದನ್ನು ತನ್ನ ಬೋಗುಣಿಗೆ ಸುರಿದುಕೊಂಡು, ಬರಿದಾದ ಪಾತ್ರೆಯಲ್ಲಿ ಎರಡು ಶೀಶೆ ಬೀಟ್‌ರೂಟ್ ಉಪ್ಪಿನಕಾಯಿ ಇಟ್ಟು ನನ್ನ ಕೈಗೇ ವಾಪಸು ಕೊಟ್ಟಳು. ಅಂದು ಸಂಜೆ ನಾನು ಪಾತ್ರೆಯನ್ನು ಅವೇ ಬೋಲ್ಟು ಹಾಕಿ ಟ್ರಕ್ಕಿಗೆ ಬಿಗಿದೆ.

ನಲವತ್ತನೇ ದಿನ, ಅದೇ ನೆಲಮಾಳಿಗೆ, ಅದೇ ಜನ. ಯೂಸ್ತಿನಾ ಕೋಲೂರಿಕೊಂಡು ಬಂದು ಎಲ್ಲರಿಗೂ ಕೇಳುವಂತೆ ಕೇಳಿದಳು: "ಪಾತ್ರೆ ಎಲ್ಲೆ?"

ಮತ್ತೆ ಎಲ್ಲರೂ ಚಮಚ ಕೆಳಗಿಟ್ಟು ನನ್ನನ್ನೇ ನೋಡಿದರು.

"ಮುಂದಿನ ವಾರ, ತೇತಾ," ಎಂದೆ.